ಸರ್, 21 ದಿನ ಆಯ್ತು, ಇನ್ನೂ ಯಾಕೆ ರೂಢಿ ಆಗಿಲ್ಲ?

ಪ್ರಶ್ನೆ: "ಸರ್ರ, ಜನವರಿ ಒಂದನೇ ತಾರೀಖಿನಿಂದ ದಿನಾ ಮುಂಜಾನೆ ವಾಕಿಂಗ್ ಶುರು ಮಾಡಿದ್ದೆ. 21 ದಿನ ಬಿಡದಂಗ ಮಾಡಿದ್ರ ತಾನೇ ರೂಢಿ ಆಗ್ತೈತಿ ಅಂತ ಎಲ್ಲಾರೂ ಹೇಳಿದ್ರು. ಹಟ ಹಿಡಿದು 21 ದಿನ ಮುಗಿಸಿದೆ. 22ನೇ ದಿನ ಏಳಾಕ ಮನಸ್ಸೇ ಬರಲಿಲ್ಲ. 23ಕ್ಕೂ ಇಲ್ಲ. ನನಗ ಮೋಟಿವೇಶನ್ ಕಡಿಮಿ ಐತೇನು? ಅದನ್ನ ಎಲ್ಲಿಂದ ತರೋದು?"

ಮುಂಗಾರಿ, ಹಿಂಗಾರಿ ಇದ್ದಂತೆ ಈ ಪ್ರಶ್ನೆಯೂ ವರ್ಷಕ್ಕೆ ಎರಡು ಸಲ ಬರುತ್ತದೆ. ಜನವರಿ ಕೊನೆಯ ವಾರ ಒಮ್ಮೆ, ಯುಗಾದಿ ಆಗಿ ಮೂರು ವಾರಕ್ಕೆ ಇನ್ನೊಮ್ಮೆ. ಕೊಪ್ಪಳ ಜಿಲ್ಲೆಯ ಹೈಸ್ಕೂಲುಗಳಲ್ಲಿ 26 ವರ್ಷ ಸೀಟಿ ಊದಿದ ಪಿಟಿ ಮಾಸ್ತರ ನಾನು. ಮಕ್ಕಳಿಗೆ ಒಂದು ಸಲ ಹೇಳಿದರೆ ತಿಳಿಯುತ್ತಿತ್ತು. ಅವರ ಅಪ್ಪ ಅಮ್ಮಂದಿರಿಗೆ ಹೇಳಿ ಹೇಳಿ ಗಂಟಲು ಬಿದ್ದಿದೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆದು ಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ತೋರಿಸುವುದು.

ಮೊದಲು ನಿಮಗೆ ಸಮಾಧಾನ. ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಯಾರೋ ತಪ್ಪು ಲೆಕ್ಕ ಹೇಳಿಕೊಟ್ಟಿದ್ದಾರೆ, ಅಷ್ಟೇ.

ಈ 21 ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ ಇದ್ದ. ಮೂಗು, ಮುಖ ತಿದ್ದುವ ಡಾಕ್ಟರ್. ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನಿಸಲು ಸುಮಾರು 21 ದಿನ ಬೇಕಾಗುತ್ತದೆ ಎಂದು ಅವನು ಗಮನಿಸಿದ. ಕೈಯನ್ನೋ ಕಾಲನ್ನೋ ತೆಗೆದ ಮೇಲೂ ಅದು ಇನ್ನೂ ಇದೆ ಅನ್ನಿಸುತ್ತದಲ್ಲ, ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ದಿನ ಅಂದ. 1960ರಲ್ಲಿ ಒಂದು ಪುಸ್ತಕದಲ್ಲಿ ಇದನ್ನು ಬರೆದ. ಅವನು ಬರೆದದ್ದು "ಕನಿಷ್ಠ ಸುಮಾರು 21 ದಿನ" ಎಂದು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬಾಯಿಂದ ಬಾಯಿಗೆ ಹೋಗುವಾಗ ಮೊದಲು "ಕನಿಷ್ಠ" ಉದುರಿತು. ಆಮೇಲೆ "ಸುಮಾರು" ಉದುರಿತು. ಕೊನೆಗೆ ಮೂಗೂ ಹೋಗಿ ಆ ಜಾಗಕ್ಕೆ ವಾಕಿಂಗ್ ಬಂತು. ಈಗ ಮೂಗಿನ ಲೆಕ್ಕವನ್ನು ಕಾಲಿಗೆ ಹಚ್ಚಿಕೊಂಡು ಕೂತಿದ್ದೇವೆ.

ಅಮೆರಿಕದ ಮಾತು ಬಿಡಿ. ನಮ್ಮ ಓಣಿಯನ್ನೇ ನೋಡಿ. ನಮ್ಮ ಮನೆ ಎದುರಿಗಿನ ಆಟೋ ಹುಡುಗ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಾನೆ. 41 ದಿನ ವ್ರತ. ಡಿಸೆಂಬರ್ ಚಳಿಯಲ್ಲಿ ನಸುಕಿಗೇ ತಣ್ಣೀರು ಸ್ನಾನ, ಬರಿಗಾಲು, ನೆಲದ ಮೇಲೆ ಮಲಗುವುದು, ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ. ನಿಮ್ಮ 21ಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ಆ ಲೆಕ್ಕದ ಪ್ರಕಾರ ಅವನು ಜೀವನಪೂರ್ತಿ ನಾಲ್ಕೂವರೆಗೆ ಏಳಬೇಕಿತ್ತು, ಅಲ್ವಾ? ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮರುದಿನ ಎಂಟು ಗಂಟೆಗೆ ಅವನ ಅವ್ವ ಬಾಗಿಲು ಬಡಿಯುತ್ತಿರುತ್ತಾಳೆ. ನನ್ನ ಟೇಲರ್ ಸ್ನೇಹಿತನದೂ ಇದೇ ಕಥೆ. ರಂಜಾನ್ ತಿಂಗಳಿಡೀ ಸೆಹರಿಗೆ ಅಲಾರಂ ಇಲ್ಲದೆ ಏಳುತ್ತಾನೆ. ಹಬ್ಬ ಮುಗಿದ ವಾರಕ್ಕೆ ಅಂಗಡಿ ಬಾಗಿಲು ತೆಗೆಯುವುದೇ ಹತ್ತಕ್ಕೆ. "ನೀವು ಹೇಳೋ ಲೆಕ್ಕದಾಗ ನಾನು ಇಷ್ಟೊತ್ತಿಗೆ ಪೈಲ್ವಾನ್ ಆಗಬೇಕಿತ್ತಲ್ರೀ" ಅಂತ ನಗುತ್ತಾನೆ.

ಇವರಿಬ್ಬರ ಭಕ್ತಿ ಕಡಿಮೆ ಆಯಿತೇ? ಛೇ. ಬೆಳಗ್ಗೆ ಎಬ್ಬಿಸುತ್ತಿದ್ದದ್ದು ಕೊರಳಲ್ಲಿದ್ದ ಮಾಲೆ, ಮನೆಯಲ್ಲಿ ಎಲ್ಲರೂ ಎದ್ದ ಸದ್ದು, ಒಲೆ ಮೇಲಿನ ಪಾತ್ರೆ, ಓಣಿಯ ಕಣ್ಣು. ಅವು ಹೋದವು, ಏಳುವುದೂ ಹೋಯಿತು. ಎಷ್ಟು ದಿನ ಮಾಡಿದಿರಿ ಅಂತ ಬೆರಳು ಮಡಚಿ ಎಣಿಸುವುದರಲ್ಲಿ ಏನೂ ಇಲ್ಲ. ನಿಮ್ಮನ್ನು ಎಬ್ಬಿಸುತ್ತಿದ್ದದ್ದು ಏನು, ಅದು ಇನ್ನೂ ಇದೆಯಾ ಅಂತ ಹುಡುಕಿ. ಜನವರಿ 21ರವರೆಗೆ ನಿಮ್ಮನ್ನು ಎಬ್ಬಿಸಿದ್ದು "21 ಮುಗಿಸಬೇಕು" ಅನ್ನೋ ಹಟ. 21 ಮುಗಿಯಿತು, ಹಟಕ್ಕೂ ಕೆಲಸ ಮುಗಿಯಿತು. ಮನೆಗೆ ಹೋಯಿತು.

ಕೂತು ಅಳೆದು ನೋಡಿದವರೂ ಇದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿ, 2009ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬೊಬ್ಬರಿಗೆ ಒಂದೇ ಒಂದು ಕೆಲಸ. ನಾಷ್ಟಾ ಆದ ಮೇಲೆ ಒಂದು ಲೋಟ ನೀರು ಕುಡಿಯುವುದು, ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ ಓಡುವುದು, ಇಂಥವು. ಯೋಚನೆ ಮಾಡದೆ ಕೈಕಾಲು ತಾನೇ ಆ ಕೆಲಸಕ್ಕೆ ಹೋಗುವಷ್ಟು ರೂಢಿ ಆಗಲು ನಡುವಿನ ಲೆಕ್ಕ 66 ದಿನ ಬಂತು. ಒಬ್ಬರಿಗೆ 18 ದಿನ ಸಾಕಾಯಿತು. ತೀರಾ ತಡ ಆಗುವವರಿಗೆ 254 ದಿನ. (84 ದಿನ ನೋಡಿ 254 ಹೇಗೆ ಗೊತ್ತಾಯಿತು ಅಂತ ಕೇಳುವ ಚಾಲಾಕಿ ಹುಡುಗರಿಗೆ: ಏರುತ್ತಿದ್ದ ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದ್ದು. ಕೇಳಿದ್ದಕ್ಕೆ ಶಭಾಷ್.) ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ರೂಢಿಯಾಯಿತು. ವ್ಯಾಯಾಮ ತಡವಾಯಿತು. ಇದನ್ನು ತಿಳಿಯಲು ಲಂಡನ್ನಿಗೆ ಹೋಗಬೇಕಾ ಅಂತ ಕೇಳಬೇಡಿ. ಇಲ್ಲಿ ಹೇಳಿದರೆ ನೀವು ನಂಬುವುದಿಲ್ಲವಲ್ಲ.

ದಯವಿಟ್ಟು ಈಗ 66ನ್ನು ಹಿಡಿದುಕೊಂಡು ಕೂರಬೇಡಿ. ಅದು ನಡುವಿನ ಲೆಕ್ಕ. ಅದರಾಚೆಗೂ ಅರ್ಧ ಜನ ಇದ್ದಾರೆ.

ಆ ಅಧ್ಯಯನದಲ್ಲಿ ಇನ್ನೊಂದು ಮಾತಿದೆ, ನನಗೆ ಅದೇ ಜಾಸ್ತಿ ಇಷ್ಟ. ನಡುವೆ ಒಂದು ದಿನ ತಪ್ಪಿದರೂ ರೂಢಿಯಾಗುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. 21ರ ಮಂತ್ರ ಮಾಡಿದ ದೊಡ್ಡ ಅನಾಹುತ ಇಲ್ಲೇ ಇದೆ. "ಬಿಡದಂಗ" ಅನ್ನೋ ಪದ ಸೇರಿಸಿಬಿಟ್ಟಿದ್ದಾರೆ. ಒಂದು ದಿನ ಮದುವೆಗೆ ಗಂಗಾವತಿಗೆ ಹೋದಿರಿ, ವಾಕಿಂಗ್ ತಪ್ಪಿತು. ಆಗ ತಲೆ ಏನನ್ನುತ್ತದೆ? "ಹೋಯ್ತು, ಮತ್ತೆ ಒಂದರಿಂದ ಎಣಿಸಬೇಕು." ಒಂದರಿಂದ ಅಂದಮೇಲೆ ಸೋಮವಾರವೇ ಆಗಬೇಕು. ಸೋಮವಾರ ಅಮಾವಾಸ್ಯೆ ಬಂತು. ಮುಂದಿನ ಸೋಮವಾರ. ಅಷ್ಟರಲ್ಲಿ ಗವಿಮಠದ ಜಾತ್ರೆ, ಮನೆ ತುಂಬ ನೆಂಟರು. ಹೀಗೆ ಒಂದರಿಂದ ಒಂಬತ್ತು ಸಲ ಶುರು ಮಾಡಿದ ಒಬ್ಬರು ನನಗೆ ಗೊತ್ತು. ಎಲ್ಲ ಕೂಡಿಸಿದರೆ ಅವರು ನೂರು ದಿನ ನಡೆದಿದ್ದಾರೆ. ಆದರೂ "ನನ್ನ ಕೈಲಿ ಆಗಲ್ಲ" ಅಂತಲೇ ಹೇಳುತ್ತಾರೆ. ನೀವು ತಪ್ಪಿಸಿದ್ದು ಎರಡು ದಿನ. ನಾಳೆ ಎದ್ದು ನಡೆಯಿರಿ, ಕ್ಯಾಲೆಂಡರಿನಲ್ಲಿ 22 ಅಂತಲೇ ಬರೆಯಿರಿ.

ಇನ್ನು ಮೋಟಿವೇಶನ್ ಎಲ್ಲಿಂದ ತರೋದು? ತರಬೇಡಿ. 2002ರಲ್ಲಿ ಬ್ರಿಟನ್ನಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಇನ್ನೊಂದಕ್ಕೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಹುರುಪು ಹುಟ್ಟಿಸುವಂತೆ ಓದಿಸಿದರು. ಮೂರನೆಯದಕ್ಕೆ ಅದನ್ನೂ ಓದಿಸಿ, ಜೊತೆಗೆ "ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ" ಅಂತ ಬರೆಸಿದರು. ಮುಂದಿನ ವಾರ ಒಂದು ಸಲವಾದರೂ 20 ನಿಮಿಷ ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 38. ಹುರುಪಿನ ಗುಂಪಿನಲ್ಲಿ 35. ಗಂಟೆ, ಜಾಗ ಬರೆದವರಲ್ಲಿ 91. ದಿನಾ ಮುಂಜಾನೆ ಸೂರ್ಯನ ಫೋಟೋ ಮೇಲೆ ಸುಭಾಷಿತ ಬರೆದು ಕಳಿಸುವ ನನ್ನ ಬಂಧುಗಳು ಆ ನಡುವಿನ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು.

"ನಾಳೆಯಿಂದ ವಾಕಿಂಗ್" ಅನ್ನುವುದು ಮಾತೇ ಅಲ್ಲ. "ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಬೂಟು ಹಾಕಿಕೊಂಡು ಗವಿಮಠದ ಕಡೆ ಹೋಗುತ್ತೇನೆ" ಅನ್ನಿ. ಹಾಲು ದಿನಾ ಬರುತ್ತದೆ. ಅದಕ್ಕೆ ಮೋಟಿವೇಶನ್ ಬೇಕಿಲ್ಲ.

ಬೂಟು ಅಂದದ್ದಕ್ಕೆ ನನ್ನದೇ ಕಥೆ. ನನ್ನ ಬೂಟು ಬಾಗಿಲ ಹಿಂದೆ, ಕಸಬರಿಗೆ ಪಕ್ಕ ಇರುತ್ತಿತ್ತು. ಎಡಗಾಲಿನದರ ಲೇಸು ತುಂಡಾಗಿ ಗಂಟು ಹಾಕಿದ್ದು. ಹೋದ ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಮನೆಯವರು ಅದನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಬಣ್ಣ ಎರಡೇ ದಿನದಲ್ಲಿ ಮುಗಿಯಿತು. ನಾನು ವಾಕಿಂಗ್ ಬಿಟ್ಟದ್ದು ಹನ್ನೊಂದು ದಿನ. ಬೂಟು ಎಲ್ಲಿದೆ ಅಂತ ಗೊತ್ತಿತ್ತು. ತೆಗೆಯಲು ಸ್ಟೂಲು ಬೇಕಿತ್ತು. ಸ್ಟೂಲು ಹಿತ್ತಿಲಲ್ಲಿತ್ತು. ಇಷ್ಟೇ! ಊರಿನ ಮಕ್ಕಳನ್ನೆಲ್ಲ ಓಡಿಸಿದ ಪಿಟಿ ಮಾಸ್ತರನನ್ನು ಒಂದು ಸ್ಟೂಲು ಸೋಲಿಸಿತು. ಹನ್ನೆರಡನೇ ದಿನ ಮನೆಯವರೇ ಹತ್ತಿ ಬೂಟು ತೆಗೆದು ಮುಂದೆ ಇಟ್ಟರು. "ಮುಂಜಾನೆದ್ದು ಮನ್ಯಾಗ ಕುಂತು ಚಹಾ ಚಹಾ ಅಂತ ಜೀವ ತಿಂತೀರಿ, ಹೋಗ್ರಿ ಅತ್ಲಾಗ."

ಎಷ್ಟು ನಡೆಯಬೇಕು ಅಂದರೆ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ವಲ್ಪ ಏದುಸಿರು ಬರುವ ಹಾಗೆ. ಸಂಜೆ ಮಾಡಬಹುದಾ? ಧಾರಾಳವಾಗಿ. ಆದರೆ ಏಪ್ರಿಲ್ ಬಂದರೆ ನಮ್ಮ ಕಡೆ ಸಂಜೆ ಆರಕ್ಕೂ ರೋಡು ಕಾದ ಹಂಚು, ಆಗ ನಸುಕೇ ಗತಿ. ವಾಕಿಂಗ್ ಮುಗಿಸಿ ನೇರ ಹೋಟೆಲಿಗೆ ಹೋಗಿ ಮಂಡಾಳು ಒಗ್ಗರಣೆ, ನಾಲ್ಕು ಮಿರ್ಚಿ ಹೊಡೆಯುವವರಿಗೆ ಪ್ರತ್ಯೇಕವಾಗಿ ಇನ್ನೊಮ್ಮೆ ಬೈಯುತ್ತೇನೆ. ಇವತ್ತು ಬೇಡ, ನಾನೂ ಅದರಲ್ಲಿ ಒಬ್ಬ.

ನೀವು ಕೇಳದ ಒಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಹುಣ್ಣಿಮೆಗೆ ಹುಲಿಗಿಯ ಹುಲಿಗೆಮ್ಮನ ಗುಡಿಗೆ ನಡೆದು ಬರುತ್ತೇನೆ ಅಂತ ಬೇಡಿಕೊಂಡವರು ತಪ್ಪಿಸುವುದಿಲ್ಲ. ಕಾಲಲ್ಲಿ ಬೊಬ್ಬೆ ಎದ್ದರೂ ಹೋಗುತ್ತಾರೆ. ಹನುಮ ಮಾಲೆ ಹಾಕಿದವರು ಅಂಜನಾದ್ರಿಯ 575 ಮೆಟ್ಟಿಲು ಹತ್ತಿಯೇ ಹತ್ತುತ್ತಾರೆ. ಅದೇ ಮನುಷ್ಯ ತನಗೆ ತಾನೇ ಕೊಟ್ಟುಕೊಂಡ ಮಾತನ್ನು ಬುಧವಾರದೊಳಗೆ ಮರೆಯುತ್ತಾನೆ. ಯಾಕೆ? ಹುಲಿಗೆಮ್ಮನಿಗೆ ಕೊಟ್ಟ ಮಾತು ಮನೆಯವರಿಗೆ ಗೊತ್ತು, ಓಣಿಗೆ ಗೊತ್ತು, ಜೊತೆಗೆ ಬರುವ ನಾಲ್ವರಿಗೆ ಗೊತ್ತು. ನಮಗೆ ನಾವು ಕೊಟ್ಟ ಮಾತನ್ನು ಕೇಳಿಸಿಕೊಂಡವರು ಯಾರೂ ಇಲ್ಲ. ಸಾಕ್ಷಿ ಇಲ್ಲದ ಸಾಲ ಅದು.

ಅದಕ್ಕೆ ನಾನು ಸಾಕ್ಷಿ ಇಟ್ಟುಕೊಂಡಿದ್ದೇನೆ. ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಬೆಳಗ್ಗೆ 5:20ಕ್ಕೆ ಮಿಸ್ ಕಾಲ್ ಕೊಡುತ್ತಾರೆ. ನಾನು ಕಟ್ ಮಾಡಿದರೆ ಬರುತ್ತಿದ್ದೇನೆ ಅಂತ ಅರ್ಥ. ಪೂರ್ತಿ ರಿಂಗ್ ಆದರೆ ಮಲಗಿದ್ದೇನೆ ಅಂತ. ಆಗ ಎರಡನೇ ಸಲ ಮಾಡುತ್ತಾರೆ, ಎತ್ತಿದರೆ ಒಂದೇ ಮಾತು: "ಹತ್ತೀರೇನ್ರಿ ಮಾಸ್ತರ, ಇಲ್ಲಾ ರೈಟ್ ಅಂದುಬಿಡ್ಲೇನು?" ಮನಸ್ಸಿದೆಯೋ ಇಲ್ಲವೋ ಅಂತ ಅವರು ಇವತ್ತಿನವರೆಗೆ ಕೇಳಿಲ್ಲ.

ನಾವಿಬ್ಬರೂ ನಡೆಯುವ ಗವಿಮಠದ ಗುಡ್ಡದ ಬಂಡೆಯಲ್ಲಿ ಅಶೋಕನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎರಡು ಸಾವಿರದ ಇನ್ನೂರು ವರ್ಷದ ಮೇಲಾಗಿದೆ. ನನಗೆ ಓದಲು ಬರುವುದಿಲ್ಲ, ನಮ್ಮ ಶಾಲೆಯ ಇತಿಹಾಸದ ಮೇಷ್ಟ್ರು ಬಿಡಿಸಿ ಹೇಳಿದ್ದರು. ರಾಯಚೂರು ಕಡೆಯ ಮಸ್ಕಿ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳದಲ್ಲೂ ಇದೇ ಶಾಸನ ಇದೆಯಂತೆ. ಅದರಲ್ಲಿ ಚಕ್ರವರ್ತಿ ಏನು ಹೇಳುತ್ತಾನೆ ಗೊತ್ತಾ? ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಮೊದಲು ಅಷ್ಟಾಗಿ ಶ್ರಮ ಪಡಲಿಲ್ಲ, ಸಂಘಕ್ಕೆ (ಅಂದರೆ ಬೌದ್ಧ ಭಿಕ್ಷುಗಳ ಕೂಟಕ್ಕೆ) ಹೋದ ಮೇಲೆ ಈ ಒಂದು ವರ್ಷದಿಂದ ಚೆನ್ನಾಗಿ ಶ್ರಮ ಪಟ್ಟಿದ್ದೇನೆ, ಅಂತ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮ ಪಟ್ಟರೆ ಸ್ವರ್ಗ ಪಡೆಯಬಹುದು ಅಂತಲೂ ಸೇರಿಸಿದ್ದಾನೆ. ಅಷ್ಟು ದೊಡ್ಡ ರಾಜ, ಶುರುವಿನಲ್ಲಿ ಸೋಮಾರಿತನ ಮಾಡಿದೆ ಅಂತ ಕಲ್ಲಲ್ಲಿ ಕೆತ್ತಿಸಿ ಊರೂರಲ್ಲಿ ಇಡಿಸಿದ್ದಾನೆ. ನಾವು ಎರಡು ದಿನ ತಪ್ಪಿದ್ದಕ್ಕೆ ಮುಖ ಮುಚ್ಚಿಕೊಳ್ಳುತ್ತೇವೆ.

(ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ ಕೊನೆಗೆ 256 ಅನ್ನೋ ಸಂಖ್ಯೆ ಇದೆ. ಅವನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅಂತ ಬಲ್ಲವರು ಹೇಳುತ್ತಾರೆ. ನಾಳೆ ಯಾರಾದರೂ ಅಶೋಕನ 256 ದಿನದ ಚಾಲೆಂಜ್ ಅಂತ ಶುರು ಮಾಡಿದರೆ ನನ್ನನ್ನು ಕೇಳಬೇಡಿ.)

ಮೊನ್ನೆ ಗುಡ್ಡದ ಬುಡದಲ್ಲಿ ಕೂತು ಕಂಡಕ್ಟರ್ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಬೂಟಿನಲ್ಲಿ ಸೇರಿದ್ದ ಹರಳು ಕೊಡವುತ್ತ ಕೇಳಿಸಿಕೊಂಡರು. ಆಮೇಲೆ ಅಂದರು: "ಅಂದ್ರ ಸಂಘದಾಗ ಯಾರೋ ಅಶೋಕಗೂ ಮಿಸ್ ಕಾಲ್ ಕೊಡ್ತಿದ್ರು ಅನ್ರಿ."