ಮಿಷನ್ ಆಸ್ಪತ್ರೆಯ ಹಳೇ ಹೆರಿಗೆ ಪುಸ್ತಕಗಳು

ಮೈಸೂರಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ವಿವರ ಬರೆದಿಟ್ಟಿದ್ದರು. ಮಗುವಿನ ತೂಕ ಪೌಂಡ್ ಲೆಕ್ಕದಲ್ಲಿ. ಉದ್ದ, ತಲೆಯ ಸುತ್ತಳತೆ. ಬಸುರಿಯಾಗಿದ್ದಾಗ ತಾಯಿ ಎಷ್ಟು ತೂಗುತ್ತಿದ್ದಳು ಅನ್ನುವುದೂ ಇತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ. ಎಷ್ಟೋ ವರ್ಷಗಳಾದ ಮೇಲೆ ಅದೇ ಪುಸ್ತಕಗಳು ಹೃದಯದ ಕಾಯಿಲೆ ಬಗ್ಗೆ ಸಾಕ್ಷಿ ಹೇಳಿದವು.

ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಯಿತು ಅಂದ ತಕ್ಷಣ ನಾವು ಏನು ಕೇಳುತ್ತೇವೆ? ಬೀಡಿ ಸೇದುತ್ತಿದ್ದರಾ, ಶುಗರ್ ಇತ್ತಾ, ಅವರಪ್ಪನಿಗೂ ಆಗಿತ್ತಾ. ಚಿಕ್ಕಂದಿನಲ್ಲಿ ಹೊಟ್ಟೆ ತುಂಬ ಊಟ ಸಿಕ್ಕಿತ್ತಾ ಅಂತ ಕೇಳುವುದಿಲ್ಲ. ನಾರ್ವೆಯ ವೈದ್ಯ ಆಂಡರ್ಸ್ ಫೋರ್ಸ್‌ಡಾಲ್ 1977ರಲ್ಲಿ ಅಂಥ ಮಾತು ಎತ್ತಿದರು. ಹಿಂದೆ ಬಡತನದಿಂದ ಎಳೆಗೂಸುಗಳು ಜಾಸ್ತಿ ಸತ್ತ ಸೀಮೆಗಳಲ್ಲೇ, ಬದುಕಿ ಉಳಿದವರು ದೊಡ್ಡವರಾದ ಮೇಲೆ ಹೃದಯದ ಕಾಯಿಲೆಯಿಂದ ಸಾಯುವುದೂ ಜಾಸ್ತಿ ಅಂತ ತೋರಿಸಿದರು. 1986ರಲ್ಲಿ ಸಂಶೋಧಕ ಡೇವಿಡ್ ಬಾರ್ಕರ್ ಇಂಗ್ಲೆಂಡಿನಲ್ಲೂ ಇದನ್ನೇ ಕಂಡರು. ಆಮೇಲೆ ಅವರ ಕೈಗೆ ಹಾರ್ಟ್‌ಫರ್ಡ್‌ಶೈರ್‌ನ ಹಳೇ ಲೆಡ್ಜರುಗಳು ಸಿಕ್ಕವು. ಅಲ್ಲಿನ ಸೂಲಗಿತ್ತಿಯರು 1911ರಿಂದ ಮಕ್ಕಳ ತೂಕ ಬರೆದಿಟ್ಟಿದ್ದರು. ಕಡಿಮೆ ತೂಕದ ಮಕ್ಕಳೇ ಮುಂದೆ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದರು.

ನಮ್ಮ ಕಡೆಯೂ ಹೀಗೇನಾ? ಅದನ್ನು ನೋಡಲು ಮೈಸೂರಿಗೇ ಬರಬೇಕಾಯಿತು. ಸಂಶೋಧಕರು ಆಸ್ಪತ್ರೆಯ ಸುತ್ತಮುತ್ತ ಮನೆಮನೆ ತಿರುಗಿ, ಆ ಪುಸ್ತಕಗಳಲ್ಲಿ ಕೂಸುಗಳಾಗಿದ್ದವರನ್ನು ಹುಡುಕಿದರು. 517 ಜನ ಸಿಕ್ಕರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರ ಪೈಕಿ 100ಕ್ಕೆ 11 ಮಂದಿಗೆ ಹೃದಯದ ಕಾಯಿಲೆ. ಏಳು ಪೌಂಡ್, ಅಂದರೆ ಮೂರು ಕಿಲೋ ಚಿಲ್ಲರೆ, ಅಥವಾ ಅದಕ್ಕೂ ಹೆಚ್ಚಿದ್ದವರಲ್ಲಿ 3 ಮಾತ್ರ. ನನ್ನ ಮನಸ್ಸಿನಲ್ಲಿ ಉಳಿದಿರುವ ಸಂಖ್ಯೆ ಬೇರೆ. ಮಗುವೂ ಸಣ್ಣದು, ತಾಯಿಯೂ 45 ಕಿಲೋ ಇರಲಿಲ್ಲ ಅನ್ನುವ ಗುಂಪಿನಲ್ಲಿ ಅದು 100ಕ್ಕೆ 20. ತಾಯಿಯ ತಟ್ಟೆಯಲ್ಲಿ ಕಡಿಮೆಯಾದ ತುತ್ತು ಮಗನ ಐವತ್ತನೇ ವಯಸ್ಸಿನ ಎದೆನೋವಲ್ಲಿ ಕಾಣಿಸಿತು.

ಹಾಗಂತ ಇದು ಹಣೆಬರಹ ಅಲ್ಲ. ಸಣ್ಣಗೆ ಹುಟ್ಟಿದವರಲ್ಲೂ ಹೆಚ್ಚಿನವರಿಗೆ ಕಾಯಿಲೆ ಇರಲಿಲ್ಲ.

ಕಾರಣ ಹೀಗಿರಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ಪೋಷಣೆ ಸಾಲದಿದ್ದರೆ ದೇಹ ಮೊದಲು ಮೆದುಳನ್ನು ಕಾಯುತ್ತದೆ. ಉಳಿದ ಅಂಗಗಳಿಗೆ ಕಡಿಮೆ ಬೀಳುತ್ತದೆ. ಮೂತ್ರಪಿಂಡದಲ್ಲಿ ರಕ್ತ ಸೋಸುವ ಘಟಕಗಳು ಕಡಿಮೆಯಾಗುತ್ತವೆ, ಹುಟ್ಟಿದ ಮೇಲೆ ಹೊಸದು ಬೆಳೆಯುವುದಿಲ್ಲ. ಮುಂದೆ ಬಿ.ಪಿ. ಏರಲು ಅದೂ ಒಂದು ಕಾರಣ ಆಗಬಹುದು.

ಆದರೆ ಕಷ್ಟ ಅಂದರೆ ಹಸಿವೊಂದೇ ಅಲ್ವಲ್ಲ. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡ್ ಸುಮಾರು 70,000 ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ಸ್ವೀಡನ್, ಡೆನ್ಮಾರ್ಕ್‌ಗೆ ಕಳಿಸಿತು. ಜೀವ ಉಳಿಯಲಿ ಅಂತಲೇ ಕಳಿಸಿದ್ದು. ಸ್ವೀಡನ್‌ನಲ್ಲಿ ಯುದ್ಧವೂ ಇರಲಿಲ್ಲ. ಆದರೂ 60 ವರ್ಷಗಳ ನಂತರ ನೋಡಿದಾಗ, ಮನೆಯಲ್ಲೇ ಉಳಿದ ಮಕ್ಕಳಿಗಿಂತ ಅವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟಿತ್ತು.

ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 17,000ಕ್ಕೂ ಹೆಚ್ಚು ಜನರನ್ನು ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಲೈಂಗಿಕ ದೌರ್ಜನ್ಯ, ಕುಡುಕರಿದ್ದ ಮನೆ, ಅಮ್ಮ ಏಟು ತಿನ್ನುವುದನ್ನು ನೋಡಿದ್ದು. ಹೀಗೆ ಏಳು ಅಥವಾ ಹೆಚ್ಚು ಬಗೆಯ ನೋವು ಉಂಡವರಿಗೆ ಹೃದಯದ ಕಾಯಿಲೆಯ ಸಾಧ್ಯತೆ ಮೂರು ಪಟ್ಟಿಗೂ ಜಾಸ್ತಿ ಅಂತ 2004ರಲ್ಲಿ ಹೇಳಿದರು. ನೋವು ಮರೆಯಲು ಹಿಡಿದ ಸಿಗರೇಟು ಒಂದು ಕಾರಣ ಹೌದು. ಅಷ್ಟೇ ಅಲ್ಲ. ಅಪ್ಪನ ಬೈಕ್ ಸದ್ದು ಕೇಳಿದರೆ ಸಾಕು, ಮಗುವಿನ ಎದೆ ಡವಡವ ಅನ್ನುತ್ತದಲ್ಲ, ಅದು ದಿನಾ ಆದರೆ ರಕ್ತನಾಳಗಳು ಸವೆಯಬಹುದು.

ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಶುರುವಾಯಿತು. ಅವರ ಮಕ್ಕಳು ಹದಿಹರೆಯಕ್ಕೆ ಬಂದಾಗ ಒಂದು ಪರೀಕ್ಷೆ ಮಾಡಿದರು. ಎದುರಿಗೆ ದೊಡ್ಡವರು ಕೂತಿರುತ್ತಾರೆ. ನಿಂತು ಮಾತಾಡಬೇಕು, ಆಮೇಲೆ ಬಾಯಿಲೆಕ್ಕ ಹೇಳಬೇಕು. ಆಗ ಬಿ.ಪಿ. ಅಳೆದರು. ಬಸುರಿನಲ್ಲಿ ಶುಗರ್ ಬಂದಿದ್ದ ತಾಯಂದಿರ ಮಕ್ಕಳಲ್ಲಿ ಅದು ಉಳಿದವರಿಗಿಂತ ಹೆಚ್ಚು ಏರಿತ್ತು. ಆ ಮಕ್ಕಳಿಗೆ ಈಗ ಮೂವತ್ತು ಹತ್ತಿರ. ಅವರಲ್ಲಿ ಕೆಲವರು ಈಗ ತಾವೇ ಬಸುರಿಯರಾಗುವ ವಯಸ್ಸಿನಲ್ಲಿದ್ದಾರೆ.