ದುಡ್ಡಿನ ಚಿಂತೆಯಿಂದ ಡಾಕ್ಟರ ಭೇಟಿ ಮುಂದೂಡಬಹುದಾ?

ಓದುಗರ ಪ್ರಶ್ನೆ: ಆಸ್ಪತ್ರೆ ಖರ್ಚಿಗೆ ಹೆದರಿ "ಇನ್ನೆರಡು ದಿನ ನೋಡೋಣ" ಅಂತ ಸುಮ್ನೆ ಇದ್ದುಬಿಡುತ್ತೇನೆ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು?

ಮೊದಲು ಒಂದು ಮಾತು, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೈಯಲ್ಲಿ ದುಡ್ಡಿಲ್ಲದಿದ್ದಾಗ ಯಾರಾದರೂ ಹೀಗೇ ಮಾಡುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ನಾವು ನೋವನ್ನು ಅಳತೆಗೋಲು ಮಾಡಿಕೊಂಡಿರುತ್ತೇವೆ. ಜಾಸ್ತಿ ನೋವಾದರೆ ಹೋಗೋಣ, ಇಲ್ಲದಿದ್ದರೆ ಬೇಡ ಅಂತ. ಆದರೆ ದೊಡ್ಡ ಕಾಯಿಲೆಗಳಲ್ಲಿ ಎಷ್ಟೋ ನೋವೇ ಕೊಡುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರ ಕಾಲನ್ನೇ ನೋಡಿ. ಚಪ್ಪಲಿ ಉಜ್ಜಿ ಹೆಬ್ಬೆರಳ ಪಕ್ಕ ಸಣ್ಣ ಬೊಬ್ಬೆ ಏಳುತ್ತದೆ. ನರಗಳ ಸ್ಪರ್ಶ ಮಂಕಾಗಿರುವುದರಿಂದ ಗೊತ್ತೇ ಆಗುವುದಿಲ್ಲ, ಸಂಜೆ ಕಾಲುಚೀಲ ಅಂಟಿಕೊಂಡು ಬಿಡಿಸುವಾಗ ಕಲೆ ಕಂಡಾಗಲೇ ತಿಳಿಯುವುದು, ಆಗಲೂ "ನೋವಿಲ್ಲವಲ್ಲ" ಅಂತ ಒರೆಸಿ ಮಲಗುತ್ತಾರೆ. ಆ ದಿನ ಅದಕ್ಕೆ ಬೇಕಿದ್ದದ್ದು ಗಾಯ ತೊಳೆದು ಕಟ್ಟುವ ಸಣ್ಣ ಖರ್ಚು. ಕೀವು ಮೂಳೆಗೆ ಇಳಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾಯಿತು ಅನ್ನುವುದು ಇದಕ್ಕೇ.

ಬಿಪಿ ಮಾತ್ರೆಯದ್ದೂ ಇದೇ ಕಥೆ. ಹತ್ತು ಮಾತ್ರೆಯ ಒಂದು ಹಾಳೆ ಇಪ್ಪತ್ತು ದಿನ ಬರಲಿ ಅಂತ ದಿನ ಬಿಟ್ಟು ದಿನ ನುಂಗುತ್ತಾರೆ, ಮರೆಯದಿರಲಿ ಅಂತ ಹಾಳೆಯ ಹಿಂದೆ ಪೆನ್ನಿನಲ್ಲಿ ವಾರದ ಹೆಸರೂ ಬರೆದಿರುತ್ತಾರೆ. ಅಷ್ಟು ಶಿಸ್ತು! ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಕೆಲವು ಬಿಪಿ ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ರಕ್ತದ ಒತ್ತಡ ಮೊದಲಿಗಿಂತ ಮೇಲೇರುವುದೂ ಉಂಟು.

ಇದು ಬುದ್ಧಿ ಇಲ್ಲದವರು ಮಾಡುವ ತಪ್ಪಲ್ಲ. ಅಮೆರಿಕದ ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಶುರುಮಾಡಿದ ದೊಡ್ಡ ಪ್ರಯೋಗದಲ್ಲಿ, ಖರ್ಚಿನ ಒಂದು ಪಾಲು ತಾವೇ ಕೊಡಬೇಕಾದವರು ಚಿಕಿತ್ಸೆಯನ್ನು ಕಡಿಮೆ ಮಾಡಿದರು. ಆದರೆ ಬೇಡದ ಚಿಕಿತ್ಸೆಯನ್ನು ಎಷ್ಟು ಬಿಟ್ಟರೋ, ಬೇಕಾದದ್ದನ್ನೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟರು. ಯಾವುದು ಬೇಕು, ಯಾವುದು ಬೇಡ ಅಂತ ಮನೆಯಲ್ಲಿ ಕೂತು ಹೇಳುವುದು ಕಷ್ಟ.

ಹಾಗಾದರೆ ಕಾಯಬಹುದಾದದ್ದು? ಗಟ್ಟಿಮುಟ್ಟಾಗಿರುವ ದೊಡ್ಡವರ ನೆಗಡಿ, ಭಾರ ಎತ್ತಿ ಹಿಡಿದುಕೊಂಡ ಬೆನ್ನು, ಇಂಥವು ಸಾಮಾನ್ಯವಾಗಿ ತಾವೇ ಇಳಿಯುತ್ತವೆ. ಕಾಯಲೇಬಾರದ್ದು: ಎದೆ ಹಿಂಡಿದ ಹಾಗೆ ಆಗುವುದು, ಉಸಿರು ಕಟ್ಟುವುದು, ಮೂರು ತಿಂಗಳೊಳಗಿನ ಮಗುವಿಗೆ ಜ್ವರ. ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಆಗ ಹೊರಡಿ, ಬಿಲ್ಲಿನ ಮಾತು ಆಮೇಲೆ.

ಇನ್ನು ದುಡ್ಡಿನ ವಿಷಯ. ಚೀಟಿ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿಬಿಡಿ, "ನನಗೆ ಇಷ್ಟೇ ಆಗುತ್ತದೆ" ಅಂತ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಈ ಟೆಸ್ಟಿನಿಂದ ಚಿಕಿತ್ಸೆ ಬದಲಾಗುತ್ತದಾ, ಇದೇ ಔಷಧ ಜೆನೆರಿಕ್‌ನಲ್ಲಿ (ದೊಡ್ಡ ಬ್ರ್ಯಾಂಡಿನ ಹೆಸರಿಲ್ಲದೆ ಅಗ್ಗಕ್ಕೆ ಬರುವ ಅದೇ ಮದ್ದು) ಸಿಗುತ್ತದಾ, ಒಂದು ತಿಂಗಳು ತಡವಾದರೆ ಏನಾಗುತ್ತದೆ ಅಂತ ಕೇಳಿ. ಕೊನೆಗೆ, ಇದರಲ್ಲಿ ಒಂದು ದಿನವೂ ಬಿಡಬಾರದ ಮಾತ್ರೆ ಯಾವುದು ಅಂತ ಕೇಳಿ, ಚೀಟಿಯಲ್ಲಿ ಅದರ ಪಕ್ಕ ಅವರ ಕೈಯಿಂದಲೇ ಒಂದು ಗುರುತು ಹಾಕಿಸಿಕೊಂಡು ಬನ್ನಿ.