ಯಾರ್ಕ್‌ಷೈರ್ ಟೆರಿಯರ್ ಮರಿಯ ಸ್ವಭಾವ: ಯಾವುದು ತಳಿಯದು, ಯಾವುದು ವಯಸ್ಸಿನದು, ಯಾವುದು ನಾವು ಕಲಿಸಿದ್ದು

ನಾಯಿ ತರಬೇತಿ ಕಲಿಯುವ ನಾವು ತಳಿಗಳ ಬಗ್ಗೆ ಓದುವಾಗ ಯಾರ್ಕ್‌ಷೈರ್ ಟೆರಿಯರ್ ಹೆಸರಿನ ಕೆಳಗೆ ನಾವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಬರೆದುಕೊಳ್ಳುತ್ತೇವೆ. ಚುರುಕು, ಧೈರ್ಯ ಜಾಸ್ತಿ, ಹಟ ಇದೆ, ಬೊಗಳುತ್ತದೆ, ಮನೆಯವರನ್ನು ಬಿಟ್ಟಿರುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ಎರಡೂವರೆ ತಿಂಗಳ ಮರಿಯೊಂದು ಎದುರಿಗೆ ಬಂದಾಗ ಈ ಐದು ಮಾತು ಸಾಲುವುದಿಲ್ಲ. ಮರಿ ನಡುಗುತ್ತಿದೆ ಅಂದುಕೊಳ್ಳಿ. ಅದು ಹೆದರಿಕೆಯಾ, ಚಳಿಯಾ, ಹೊಟ್ಟೆ ಖಾಲಿಯಾಗಿ ರಕ್ತದಲ್ಲಿ ಸಕ್ಕರೆ ಇಳಿದಿದೆಯಾ? ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ.

ಹಾಗಾಗಿ ಯಾವ ನಡವಳಿಕೆ ಕಂಡರೂ ಅದರ ಮೂಲ ಹುಡುಕಿ ಅಂತ ನನ್ನ ಸಲಹೆ. ಇದು ತಳಿಯಿಂದ ಬಂದದ್ದಾ, ವಯಸ್ಸಿನದ್ದಾ, ಆ ಪುಟ್ಟ ದೇಹದ್ದಾ, ಇಲ್ಲ ಮನೆಯವರು ಗೊತ್ತಿಲ್ಲದೆ ಕಲಿಸಿದ್ದಾ? ಯಾರ್ಕಿಯ (ಯಾರ್ಕ್‌ಷೈರ್ ಟೆರಿಯರ್‌ಗೆ ನಾವು ಕರೆಯುವ ಚಿಕ್ಕ ಹೆಸರು) ವಿಷಯದಲ್ಲಿ ಕೊನೆಯ ಉತ್ತರ ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ಸಲ ಸರಿಯಾಗಿರುತ್ತದೆ.

ಗಿರಣಿಯಲ್ಲಿ ಇಲಿ ಹಿಡಿದ ನಾಯಿ

19ನೇ ಶತಮಾನದ ನಡುಭಾಗದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೆಲಸ ಹುಡುಕಿಕೊಂಡು ಉತ್ತರ ಇಂಗ್ಲೆಂಡಿಗೆ ಬಂದರು. ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆಯ ಬಟ್ಟೆ ಗಿರಣಿಗಳು ಆಗ ಬೆಳೆಯುತ್ತಿದ್ದವು. ಅವರ ಜೊತೆ ಅವರ ಸಣ್ಣ ಟೆರಿಯರ್‌ಗಳೂ ಬಂದವು. ಗಿರಣಿಯಲ್ಲಿ, ಗಣಿಯಲ್ಲಿ ಇಲಿ ಕಾಟ ವಿಪರೀತ. ಆ ಇಲಿಗಳನ್ನು ಹಿಡಿದು ಕೊಲ್ಲುವುದೇ ಈ ನಾಯಿಗಳ ಕೆಲಸ. ಅಲ್ಲಿನ ಬೇರೆ ಸಣ್ಣ ನಾಯಿಗಳ ಜೊತೆ ಬೆರೆತು ಮುಂದೆ ಯಾರ್ಕ್‌ಷೈರ್ ಟೆರಿಯರ್ ಆಯಿತು. ತಳಿಯ ಮೂಲಪುರುಷ ಅಂತ ಹೇಳುವ ಹಡರ್ಸ್‌ಫೀಲ್ಡ್ ಬೆನ್ ಅನ್ನುವ ನಾಯಿ ಹುಟ್ಟಿದ್ದು 1865ರಲ್ಲಿ. ಬ್ರಾಡ್‌ಫರ್ಡ್‌ನ ಮೇರಿ ಆ್ಯನ್ ಫಾಸ್ಟರ್ ಅವನನ್ನು ಸಾಕಿದ್ದರು. ನಾಯಿ ಪ್ರದರ್ಶನಗಳಲ್ಲಿ ಗೆದ್ದವನು, ಇಲಿ ಕೊಲ್ಲುವ ಸ್ಪರ್ಧೆಗಳಲ್ಲೂ ಗೆದ್ದವನು. 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತಾಗ ವಯಸ್ಸು ಆರು ಮಾತ್ರ. ಅಷ್ಟರಲ್ಲೇ ಅವನ ಮರಿಗಳು ತಳಿಯ ರೂಪವನ್ನು ಗಟ್ಟಿ ಮಾಡಿಬಿಟ್ಟಿದ್ದವು.

ಈ ಇತಿಹಾಸ ಪರೀಕ್ಷೆಗೆ ಉರುಹೊಡೆಯಲಿಕ್ಕಲ್ಲ. ಮರಿಗೆ ಒಂದು ಹಗ್ಗದ ಆಟಿಕೆ ಕೊಟ್ಟು ನೋಡಿ, ಇದೇ ಇತಿಹಾಸ ಕಣ್ಣೆದುರು ಬರುತ್ತದೆ. ಮೊದಲು ಒಂದು ಕ್ಷಣ ಅಲ್ಲಾಡದೆ ದಿಟ್ಟಿಸುತ್ತದೆ. ಮುಂಗಾಲು ಬಗ್ಗಿಸುತ್ತದೆ. ಹಾರಿ ಹಿಡಿಯುತ್ತದೆ. ಹಿಡಿದ ತಕ್ಷಣ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಝಾಡಿಸುತ್ತದೆ. ಆಮೇಲೆ ಸೋಫಾ ಕೆಳಗೆ ಒಯ್ದು ದಾರ ದಾರ ಕಿತ್ತು ಹಾಕುತ್ತದೆ. ಝಾಡಿಸುವುದು ಇಲಿಯ ಕತ್ತು ಮುರಿಯುವ ಚಲನೆ. ಯಾರೂ ಹೇಳಿಕೊಟ್ಟಿಲ್ಲ. ಪಂಚೆಯ ಅಂಚು, ಸೀರೆಯ ಸೆರಗು, ಓಡುವ ಮಗುವಿನ ಕಾಲು, ಕಸಪೊರಕೆ — ಸರಿದಾಡುವ ಯಾವುದರ ಹಿಂದೆ ಬಿದ್ದರೂ ಅದು ಸಿಟ್ಟಲ್ಲ, ಬೇಟೆ. ಬೈದರೆ ಹೋಗುವಂಥದ್ದಲ್ಲ. ಹಗ್ಗ, ಚೆಂಡು, ಬಚ್ಚಿಟ್ಟ ಆಹಾರ ಹುಡುಕುವ ಆಟ ಕೊಟ್ಟು ದಾರಿ ತಿರುಗಿಸಬಹುದು.

ಹಟವನ್ನೂ ಇದೇ ಕಣ್ಣಿನಿಂದ ನೋಡಿ. ಬಿಲದ ಬಾಯಲ್ಲಿ ನಿಂತ ಟೆರಿಯರ್ ಪ್ರತಿ ಹೆಜ್ಜೆಗೂ ಮನುಷ್ಯನ ಮುಖ ನೋಡುತ್ತಾ ಕೂತರೆ ಇಲಿ ತಪ್ಪಿಸಿಕೊಳ್ಳುತ್ತದೆ. ತಾನೇ ನಿರ್ಧಾರ ಮಾಡುವ ನಾಯಿಗಳನ್ನೇ ಜನ ಆರಿಸಿ ಬೆಳೆಸಿದರು. ಹಾಗಂತ ಯಾರ್ಕಿಗೆ ಕಲಿಯಲು ಬರುವುದಿಲ್ಲ ಅಂತಲ್ಲ. ಎರಡನೇ ಮಹಾಯುದ್ಧದಲ್ಲಿ ಸ್ಮೋಕಿ ಅನ್ನುವ ಯಾರ್ಕಿ ಇತ್ತು. 1944ರಲ್ಲಿ ನ್ಯೂ ಗಿನಿಯ ಕಾಡಿನಲ್ಲಿ ಸಿಕ್ಕಿದ್ದು. ತೂಕ ಎರಡು ಕಿಲೋಗಿಂತ ಕಡಿಮೆ. ಅಮೆರಿಕದ ಸೈನಿಕ ಬಿಲ್ ವಿನ್ ಅದಕ್ಕೆ ಹತ್ತಾರು ಆಟ ಕಲಿಸಿದರು. ಮುಂದೆ ಫಿಲಿಪ್ಪೀನ್ಸ್‌ನ ಲುಜಾನ್‌ನಲ್ಲಿ ವಿಮಾನದ ರನ್‌ವೇ ಅಡಿಯ ಕಿರಿದಾದ ಕೊಳವೆಯೊಳಗೆ ಸುಮಾರು 20 ಮೀಟರ್ ದೂರ ಟೆಲಿಫೋನ್ ತಂತಿ ಎಳೆದುಕೊಂಡು ಹೋಗಿದ್ದು ಇದೇ ನಾಯಿ. ಕತ್ತಲ ಕೊಳವೆಗೆ ನುಗ್ಗಿದ್ದು ತಳಿಯ ಗುಣ. ಆ ತುದಿಯಿಂದ ಕರೆದವರ ದನಿ ನಂಬಿ ನಿಲ್ಲದೆ ಮುಂದೆ ಬಂದದ್ದು ಕಲಿಕೆ. ಎರಡೂ ಒಂದೇ ನಾಯಿಯಲ್ಲಿ ಇರಲು ಸಾಧ್ಯ ಅನ್ನುವುದು ನಮಗೆ ಮುಖ್ಯ.

ವಾರಗಳ ಲೆಕ್ಕ

ಮರಿಯ ಮನಸ್ಸು ಲೋಕಕ್ಕೆ ತೆರೆದುಕೊಳ್ಳುವುದು ಸುಮಾರು 3ರಿಂದ 12 ವಾರಗಳ ನಡುವೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅನ್ನುವ ಸಂಶೋಧಕರು ವರ್ಷಗಟ್ಟಲೆ ಮರಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಕೆಲಸದಿಂದ ಈ ಲೆಕ್ಕ ಬಂದಿದೆ. ಈ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಮುಂದೆ 'ಮಾಮೂಲಿ' ಆಗುತ್ತದೆ. ಕಾಣದೇ ಹೋದದ್ದು ಹೆದರಿಕೆಯ ಕಡೆ ವಾಲುತ್ತದೆ.

ಯಾರ್ಕಿ ಮರಿಗೆ ಇಲ್ಲೊಂದು ತೊಡಕು. ತುಂಬಾ ಸಣ್ಣದಾದ್ದರಿಂದ ಜವಾಬ್ದಾರಿ ಇರುವ ಬ್ರೀಡರ್‌ಗಳು (ಮರಿ ಹುಟ್ಟಿಸಿ ಕೊಡುವವರು) ಮರಿಯನ್ನು ಎಂಟು ವಾರಕ್ಕೆ ಕೊಡದೆ 12 ವಾರದವರೆಗೆ ಇಟ್ಟುಕೊಳ್ಳುವುದುಂಟು. ಅಮ್ಮನ ಜೊತೆ, ಒಡಹುಟ್ಟಿದವುಗಳ ಜೊತೆ ಇದ್ದಷ್ಟೂ ಲಾಭವೇ. ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ ಅನ್ನುವ ಪಾಠ ಅಲ್ಲೇ ಆಗುವುದು. ಆದರೆ ಆ ತೆರೆದ ಕಿಟಕಿಯ ಬಹುಪಾಲು ಬ್ರೀಡರ್ ಮನೆಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಮರಿ ತರುವವರು ಕೇಳಬೇಕಾದ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬೆಲೆಯದ್ದೂ ಅಲ್ಲ. ಇದು ಇಷ್ಟು ದಿನ ಎಲ್ಲಿ ಇತ್ತು, ಮನೆಯ ಜನರ ನಡುವೆಯೋ ಹಿಂದಿನ ಶೆಡ್‌ನ ಪಂಜರದಲ್ಲೋ, ಅಂತ.

ಮನೆಗೆ ಬಂದ ಮೇಲೂ ಲಸಿಕೆಗಳು ಮುಗಿಯುವ ತನಕ ಬೀದಿಯಲ್ಲಿ ಇಳಿಸುವಂತಿಲ್ಲ. ಬೀದಿನಾಯಿಗಳು ಓಡಾಡುವ ನಮ್ಮೂರುಗಳಲ್ಲಿ ಮರಿಗಳ ಜೀವ ತೆಗೆಯಬಲ್ಲ ಪಾರ್ವೊ ವೈರಸ್ ಸೋಂಕಿನ ಭಯ ಸುಮ್ನೆ ಅಲ್ಲ. ಆದರೆ ತೋಳಲ್ಲೋ ಬ್ಯಾಗಲ್ಲೋ ಕೂರಿಸಿಕೊಂಡು ಸುತ್ತಿಸಬಹುದು ಅಲ್ವಾ. ಆಟೋ ಸದ್ದು, ತರಕಾರಿ ಗಾಡಿಯವರ ಕೂಗು, ಹೆಲ್ಮೆಟ್ ಹಾಕಿದ ಮುಖ, ಛತ್ರಿ ಬಿಚ್ಚುವುದು. ಮನೆಯೊಳಗೆ ಕುಕ್ಕರ್ ವಿಶಲ್, ಮಿಕ್ಸಿ. ಮೊದಲು ದೂರದಿಂದ, ಜೊತೆಗೊಂದು ಚೂರು ತಿಂಡಿ. ಎಂಟರಿಂದ ಹತ್ತನೇ ವಾರದ ಆಸುಪಾಸಿನಲ್ಲಿ ಮರಿಗಳು ಇದ್ದಕ್ಕಿದ್ದಂತೆ ಪುಕ್ಕಲಾಗುವುದೂ ಇದೆ. ಆಗ ಬಲವಂತ ಬೇಡ.

ಮೂರೂವರೆ ತಿಂಗಳ ಹೊತ್ತಿಗೆ ಹಲ್ಲು ಬದಲಾಗಲು ಶುರು. 28 ಹಾಲುಹಲ್ಲು ಬಿದ್ದು 42 ಹಲ್ಲು ಬರುವವರೆಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಇದು ಪೂರ್ತಿ ವಯಸ್ಸಿನದು. ನೆಟ್ಟಗೆ ನಿಂತಿದ್ದ ಕಿವಿ ಈ ಸಮಯದಲ್ಲಿ ಮತ್ತೆ ಜೋಲುವುದೂ ಉಂಟು, ಗಾಬರಿ ಬೇಡ. ಆದರೆ ಯಾರ್ಕಿಯಲ್ಲಿ ಹಾಲುಹಲ್ಲು ಬೀಳದೆ ಹಾಗೇ ಉಳಿದು, ಪಕ್ಕದಲ್ಲೇ ಹೊಸ ಹಲ್ಲು ಬರುವುದು ತುಂಬಾ ಸಾಮಾನ್ಯ. ಬಾಯಿ ಮುಟ್ಟಲು ಬಿಡದ ಮರಿಯನ್ನು 'ಕಚ್ಚುವ ಸ್ವಭಾವ' ಅಂತ ಬರೆಯುವ ಮೊದಲು ತುಟಿ ಎತ್ತಿ ಒಸಡು ನೋಡುವುದು ಒಳ್ಳೆಯದು.

ಸ್ವಭಾವದಂತೆ ಕಾಣುವ ದೇಹದ ತೊಂದರೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಇಲ್ಲಿ ಗೊಂದಲವಾದರೆ ಮರಿಯ ಜೀವಕ್ಕೇ ಅಪಾಯ.

ಪುಟ್ಟ ತಳಿಗಳ ಮರಿಗಳಲ್ಲಿ ಯಕೃತ್ತು ಇನ್ನೂ ಬಲಿತಿರುವುದಿಲ್ಲ, ಸಕ್ಕರೆ ಕೂಡಿಡುವ ಜಾಗ ಕಡಿಮೆ, ಮೈಮೇಲೆ ಕೊಬ್ಬೂ ಇಲ್ಲ. ಊಟ ತಪ್ಪಿದರೆ, ಬೆಳಗಿನಿಂದ ನೆಂಟರೆಲ್ಲ ಆಡಿಸಿ ನಿದ್ದೆ ಕೆಡಿಸಿದರೆ, ಚಳಿ ಹತ್ತಿದರೆ ರಕ್ತದ ಸಕ್ಕರೆ ದಿಢೀರ್ ಇಳಿಯುತ್ತದೆ. ಈಗಷ್ಟೇ ಕುಣಿಯುತ್ತಿದ್ದ ಮರಿ ಮಂಕಾಗುತ್ತದೆ. ಕರೆದರೆ ತಿರುಗುವುದಿಲ್ಲ. ನಡಿಗೆ ತೂರಾಡುತ್ತದೆ, ಮೈ ನಡುಗುತ್ತದೆ, ಕೊನೆಗೆ ಫಿಟ್ಸ್ ಬರಬಹುದು. ಮನೆಯವರು 'ಆಡಿ ಆಡಿ ಸುಸ್ತಾಗಿದೆ, ಮಲಗಲಿ ಬಿಡಿ' ಅನ್ನುತ್ತಾರೆ. ಅದೇ ತಪ್ಪು. ಜೇನುತುಪ್ಪವನ್ನೋ ಗ್ಲೂಕೋಸನ್ನೋ ಬೆರಳಿಗೆ ತೆಗೆದುಕೊಂಡು ಒಸಡಿಗೆ ಸವರಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಸುರಿಯಬಾರದು, ಉಸಿರಾಟದ ದಾರಿಗೆ ಹೋಗುತ್ತದೆ. ಬಟ್ಟೆ ಸುತ್ತಿ ಬೆಚ್ಚಗಿಟ್ಟು ತಕ್ಷಣ ಪಶುವೈದ್ಯರ ಹತ್ತಿರ ಓಡಬೇಕು. ತಡೆಯುವ ದಾರಿ ಸರಳ: ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಊಟ, ಮತ್ತು ಬೇಕಾದಷ್ಟು ನಿದ್ದೆ. ಈ ವಯಸ್ಸಿನಲ್ಲಿ 18 ಗಂಟೆ ಮಲಗಿದರೂ ಅದು ಸೋಮಾರಿತನವಲ್ಲ.

ಇನ್ನೊಂದು, ಯಾರ್ಕಿಯಲ್ಲಿ ಬೇರೆ ತಳಿಗಳಿಗಿಂತ ಹೆಚ್ಚು ಕಾಣುವಂಥದ್ದು. ಕರುಳಿನಿಂದ ಬರುವ ರಕ್ತ ಯಕೃತ್ತಿನ ಮೂಲಕ ಹೋಗದೆ ಅಡ್ಡದಾರಿ ಹಿಡಿಯುವ ಹುಟ್ಟಿನಿಂದಲೇ ಬಂದ ದೋಷ. ಶಂಟ್ ಅನ್ನುತ್ತಾರೆ. ಇಂಥ ಮರಿ ಬೆಳೆಯುವುದೂ ನಿಧಾನ. ಊಟವಾದ ಸ್ವಲ್ಪ ಹೊತ್ತಿಗೆ ಗೋಡೆ ದಿಟ್ಟಿಸಿ ನಿಲ್ಲುತ್ತದೆ, ತಲೆಯನ್ನು ಮೂಲೆಗೆ ಒತ್ತುತ್ತದೆ, ಸುಮ್ಮನೆ ಸುತ್ತು ಹಾಕುತ್ತದೆ. 'ಸ್ವಲ್ಪ ಮಂದ' ಅಂತ ಹೇಳಿ ಬಿಟ್ಟುಬಿಡುವುದು ಇಲ್ಲಿ ಸುಲಭ. ಲಕ್ಷಣ ಊಟದ ನಂತರವೇ ಜಾಸ್ತಿಯಾಗುತ್ತಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ತರಬೇತಿಯ ಮಾತು ಪಕ್ಕಕ್ಕಿಟ್ಟು ರಕ್ತ ಪರೀಕ್ಷೆಗೆ ಕಳಿಸಿ.

ಮೂತ್ರದ ವಿಷಯವೂ ದೇಹದ್ದೇ. ಅಷ್ಟು ಸಣ್ಣ ಮೂತ್ರಚೀಲ ಎಷ್ಟು ಹೊತ್ತು ತಡೆದೀತು? ಎದ್ದ ತಕ್ಷಣ, ಉಂಡ ಮೇಲೆ, ಆಟದ ನಡುವೆ, ಹೀಗೆ ಎಲ್ಲ ಸಲವೂ ಜಾಗಕ್ಕೆ ಕರೆದೊಯ್ಯಬೇಕು. ದೊಡ್ಡ ನಾಯಿ ಮಾಡಿದರೆ ಎದ್ದು ಕಾಣುತ್ತದೆ, ಇದು ಮಾಡಿದ ಚಮಚದಷ್ಟು ಉಚ್ಚೆ ಮಂಚದಡಿಯಲ್ಲಿ ಯಾರಿಗೂ ಕಾಣದೆ ಒಣಗುತ್ತದೆ. ಮರಿಗೆ ಅದೇ ಜಾಗ ರೂಢಿಯಾಗುತ್ತದೆ. ಕೊರಳಿಗೆ ಬೆಲ್ಟ್ ಬದಲು ಎದೆಗೆ ಹಾರ್ನೆಸ್ ಹಾಕಿ. ಈ ತಳಿಯ ಶ್ವಾಸನಾಳ ದುರ್ಬಲ, ಎಳೆದಾಗ ಕೆಮ್ಮು ಬರುತ್ತದೆ. ಕೆಮ್ಮು ಬಂದ ಮರಿ ವಾಕಿಂಗ್ ಅಂದರೇ ಹಿಂದೆ ಸರಿಯುತ್ತದೆ.

ಎತ್ತಿಕೊಳ್ಳುವ ಕೈ

ಲಿಫ್ಟ್ ಬಾಗಿಲು ತೆರೆಯುತ್ತದೆ. ಒಳಗೊಂದು ಲ್ಯಾಬ್ರಡಾರ್. ನಮ್ಮ ಮರಿ ಕಿವಿ ಹಿಂದಕ್ಕೆ ಮಾಡಿ ಒಂದು ಹೆಜ್ಜೆ ಸರಿಯುತ್ತದೆ. ತುಟಿ ನೆಕ್ಕಿಕೊಳ್ಳುತ್ತದೆ. ಯಾರೂ ಗಮನಿಸುವುದಿಲ್ಲ. ಆಮೇಲೆ ಬೊಗಳುತ್ತದೆ. ಅಕ್ಕ ಗಬಕ್ಕನೆ ಎತ್ತಿಕೊಂಡು 'ನೋಡ್ರಿ, ಇಷ್ಟೇ ಇದ್ರೂ ಎಷ್ಟು ಜೋರು!' ಅಂತ ನಗುತ್ತಾರೆ. ಮರಿ ಕಲಿತದ್ದೇನು? ಸರಿದು ನಿಂತರೆ ಏನೂ ಆಗುವುದಿಲ್ಲ, ಬೊಗಳಿದರೆ ಹೆದರಿಕೆಯ ಜಾಗದಿಂದ ಬಿಡುಗಡೆ. ಇದೇ ನಾಲ್ಕು ತಿಂಗಳು ನಡೆದರೆ ತುಟಿ ನೆಕ್ಕುವುದು ಬಿಟ್ಟು ನೇರ ಬೊಗಳಲು ಶುರು ಮಾಡುತ್ತದೆ. ಅದನ್ನೇ ನಾವು ನೋಟ್ಸ್‌ನಲ್ಲಿ 'ಜಗಳಗಂಟಿ ತಳಿ' ಅಂತ ಬರೆಯುತ್ತೇವೆ.

ವಿಯೆನ್ನಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಇದಕ್ಕೆ ಹತ್ತಿರವಾದ ಮಾತು ಹೇಳುತ್ತದೆ. ಸಣ್ಣ ನಾಯಿಗಳು ಮಾತು ಕೇಳುವುದು ಕಡಿಮೆ, ಅಂಜಿಕೆ ಮತ್ತು ಸಿಟ್ಟು ಹೆಚ್ಚು ಅಂತ ಅವುಗಳ ಮಾಲೀಕರೇ ಹೇಳಿದ್ದರು. ಜೊತೆಗೆ ಆ ಮಾಲೀಕರು ತರಬೇತಿಗೆ, ಆಟಕ್ಕೆ ಕೊಡುವ ಹೊತ್ತೂ ಕಡಿಮೆ ಇತ್ತು, ನಿಯಮಗಳೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಎಲ್ಲವನ್ನೂ ಮಾಲೀಕರ ತಲೆಗೆ ಕಟ್ಟಲಾಗದು. ಆದರೆ ಬದಲಾಯಿಸಬಹುದಾದ ಭಾಗ ಇದೇ.

ಹಾಗಾದರೆ ಎತ್ತಲೇಬಾರದಾ? ಬೀದಿನಾಯಿ ಮೇಲೆ ಬೀಳಲು ಬಂದರೆ ಎತ್ತಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇರೆ ಹೊತ್ತಿನಲ್ಲಿ ಮರಿ ಸರಿದು ನಿಂತ ಆ ಮೊದಲ ಹೆಜ್ಜೆಗೇ ನಾವೂ ಅದರ ಜೊತೆ ದೂರ ಸರಿಯೋಣ. ಬೊಗಳುವ ಅಗತ್ಯವೇ ಬಾರದಂತೆ. ಎತ್ತುವ ಮೊದಲು ಒಂದು ಮಾತು ಹೇಳಿ, ಎದೆಯ ಕೆಳಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಡಿ. ಮೇಲಿಂದ ಬರುವ ದೊಡ್ಡ ಕೈಗೆ ಗುರ್ ಅನ್ನುವ ಎಷ್ಟೋ ಮರಿಗಳು ಇಷ್ಟಕ್ಕೇ ಸುಮ್ಮನಾಗುತ್ತವೆ.

ಈ ತಳಿಯ ಮುಖ ಓದುವುದು ಕಷ್ಟ ಅನ್ನುವುದೂ ನೆನಪಿರಲಿ. ಕೂದಲು ಬೆಳೆದಂತೆ ಕಣ್ಣು ಮುಚ್ಚುತ್ತದೆ. ಮರಿಗೆ ಎದುರಿನ ಕೈ ಕಾಣುವುದಿಲ್ಲ, ನಮಗೆ ಅದರ ಕಣ್ಣಿನ ಬಿಳಿ ಕಾಣುವುದಿಲ್ಲ. ಬಾಲ ಕತ್ತರಿಸಿದ್ದರೆ ಇನ್ನೊಂದು ಸುಳಿವೂ ಹೋಯಿತು. ಕಣ್ಣ ಮುಂದಿನ ಕೂದಲು ಕಟ್ಟಿ ಅಥವಾ ಕತ್ತರಿಸಿ. ಬಾಚಣಿಗೆಗೂ ಮೊದಲ ವಾರದಿಂದಲೇ ರೂಢಿ ಮಾಡಿಸಿ, ಯಾಕೆಂದರೆ ಈ ರೇಷ್ಮೆಯಂಥ ಕೂದಲಿಗೆ ಜೀವನವಿಡೀ ಬಾಚಣಿಗೆ ತಪ್ಪಿದ್ದಲ್ಲ.

ಆರು ತಿಂಗಳ ನಂತರ ಚಿತ್ರ ಸ್ವಲ್ಪ ಬದಲಾಗುತ್ತದೆ. ಕರೆದರೆ ಓಡಿಬರುತ್ತಿದ್ದ ಮರಿ ಕೇಳಿಸದಂತೆ ನಿಲ್ಲುತ್ತದೆ. ಗಂಡು ಮರಿ ಕಾಲೆತ್ತಿ ಬಾಗಿಲ ಮೂಲೆಗೆ ಗುರುತು ಹಾಕಲು ನೋಡುತ್ತದೆ. ಕಾಲಿಂಗ್ ಬೆಲ್‌ಗೆ ಬೊಗಳುವುದು ಜಾಸ್ತಿಯಾಗುತ್ತದೆ. ಹರೆಯ ಅಷ್ಟೇ, ಕಲಿತದ್ದು ಅಳಿಸಿಹೋಗಿಲ್ಲ. ಐದೈದು ನಿಮಿಷದ ಅದೇ ಪಾಠಗಳು, ಅದೇ ನಿಯಮಗಳು ಮುಂದುವರಿಯಲಿ. ಇದೇ ತಿಂಗಳುಗಳಲ್ಲಿ ಬೆನ್ನಿನ ಕಪ್ಪು ಕೂದಲು ಬುಡದಿಂದ ಉಕ್ಕಿನ ನೀಲಿಗೆ ತಿರುಗುವುದನ್ನೂ ಬಾಚುವಾಗ ನೋಡಬಹುದು.